ಅರೆನಿಂತ ಆಸನದ ಚರಿತ್ರೆ

ಮನುಷ್ಯನು ದುಡಿಯುವಾಗ ದೇಹವನ್ನಿರಿಸಿಕೊಳ್ಳುವ ಭಂಗಿಗಳು ಯಾವುವೆಂದು ಕೇಳಿದರೆ, ನಿಲ್ಲುವುದು, ಕೂರುವುದು ಎಂಬ ಎರಡನ್ನೇ ಸಾಮಾನ್ಯವಾಗಿ ಹೇಳುವುದುಂಟು. ಆದರೆ ಇವೆರಡರ ನಡುವೆ ಮೂರನೆಯದೊಂದುಂಟು. ಜಗಲಿಯ ಅಂಚಿಗೆ ಆನಿಕೊಂಡು, ಮೈಭಾರದಲ್ಲಿ ಅರ್ಧವನ್ನು ಕಲ್ಲಿನ ಮೇಲೂ ಉಳಿದರ್ಧವನ್ನು ಕಾಲುಗಳ ಮೇಲೂ ಬಿಟ್ಟು ಮಾತನಾಡುತ್ತಿರುವವನನ್ನು ಕಂಡು, ಇವನು ಕುಳಿತಿರುವನೆ, ನಿಂತಿರುವನೆ ಎಂದು ಯಾರಾದರೂ ಪ್ರಶ್ನಿಸಿದರೆ ಉತ್ತರ ಹೇಳುವುದು ಸುಲಭವಲ್ಲ. ಇದನ್ನು ಅರೆನಿಂತ ಆಸನವೆಂದು ಕರೆಯಬಹುದು. ಇಂದಿನ ಕಚೇರಿಗಳಿಗಾಗಿ, ತಗ್ಗಿಸಿದರೆ ಕೂರುವುದಕ್ಕೂ ಎತ್ತರಿಸಿದರೆ ಹೀಗೆ ಆನಿಕೊಳ್ಳುವುದಕ್ಕೂ ಒದಗುವ ಕುರ್ಚಿಗಳು ನಿರ್ಮಾಣವಾಗುತ್ತಿವೆ. ಇವು ತೀರ ಹೊಸ ಕಾಲದ ವಸ್ತುಗಳೆಂದು ತೋರಬಹುದಾದರೂ ಇವುಗಳ ಹಿಂದೆ ಬಹುಕಾಲದ ಚರಿತ್ರೆಯಿದೆ. ಅದು ಮರ ಮತ್ತು ಕಬ್ಬಿಣಗಳ ಚರಿತ್ರೆ ಮಾತ್ರವಲ್ಲ. ದಣಿದ ಕಾಲುಗಳಿಗೆ ವಿಶ್ರಾಂತಿಯನ್ನು ಕೊಡುವ ಅಧಿಕಾರವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯ ಚರಿತ್ರೆಯೂ ಆಗಿದೆ.

ಈ ಆಸನದ ಪುರಾತನ ರೂಪವೊಂದು ಯೂರೋಪಿನ ಕ್ರೈಸ್ತ ಮಠಗಳಲ್ಲಿ ದೊರೆಯುತ್ತದೆ. ಅಲ್ಲಿಯ ಯತಿಗಳು ಹಗಲಿರುಳೆನ್ನದೆ ಹಲವು ಸಲ ಪ್ರಾರ್ಥನಾಮಂದಿರದಲ್ಲಿ ನೆರೆದು ಸ್ತೋತ್ರಗಳನ್ನು ಹಾಡಬೇಕಾಗಿದ್ದಿತು. ಅದರ ಬಹುಭಾಗವನ್ನು ನಿಂತುಕೊಂಡೇ ನಡೆಸಬೇಕೆಂಬುದು ನಿಯಮ. ತರುಣರಿಗೆ ಇದು ತಪಸ್ಸಾದರೆ ವೃದ್ಧರಿಗೂ ರೋಗಿಗಳಿಗೂ ಯಾತನೆಯೇ ಆಗುತ್ತಿದ್ದಿತು. ನಿಯಮವನ್ನು ಮುರಿಯದೆ ಯಾತನೆಯನ್ನು ತಗ್ಗಿಸುವುದಕ್ಕಾಗಿ ಬಡಗಿಗಳು ಒಂದು ಉಪಾಯವನ್ನು ಹೂಡಿದರು. ಮಡಿಸಬಲ್ಲ ಪೀಠದ ಹಲಗೆಯ ಅಡಿಭಾಗದಲ್ಲಿ ಚಿಕ್ಕದೊಂದು ಚಾಚುಹಲಗೆಯನ್ನು ಕೂಡಿಸಿದರು. ಪೀಠವನ್ನು ಮೇಲಕ್ಕೆ ಮಡಿಸಿದಾಗ ಈ ಚಾಚು, ನಿಂತವನ ಪೃಷ್ಠಕ್ಕೆ ತಕ್ಕ ಎತ್ತರದಲ್ಲಿ ನಿಲ್ಲುತ್ತಿದ್ದಿತು. ನೋಡುವವರಿಗೆ ಯತಿಯು ನಿಂತೇ ಇರುವನು. ಅವನ ಮೊಣಕಾಲುಗಳಿಗೆ ಮಾತ್ರ ಸತ್ಯವು ಗೊತ್ತು. ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಮಿಸೆರಿಕಾರ್ಡಿಯ’, ಎಂದರೆ ‘ಕರುಣೆ’, ಎಂದು ಹೆಸರು. ಇಂಗ್ಲೆಂಡಿನ ಎಕ್ಸೆಟರ್ ನಗರದ ಮಹಾಮಂದಿರದಲ್ಲಿ 13ನೆಯ ಶತಮಾನದ ಇಂತಹ ಪೀಠಗಳು ಇಂದಿಗೂ ಉಳಿದಿದ್ದು, ಅವುಗಳಲ್ಲೊಂದರ ಅಡಿಯಲ್ಲಿ ಶಿಲ್ಪಿಯು ಆನೆಯನ್ನು ಕೆತ್ತಿರುವನು. ಹೆಸರು ಇಲ್ಲಿ ಗಮನಾರ್ಹವಾದುದು. ಆನಿಕೊಳ್ಳುವುದು ಯತಿಯ ಹಕ್ಕಾಗಿರಲಿಲ್ಲ. ಅದು ಅವನ ಮೇಲೆ ತೋರಿಸಿದ ಕರುಣೆಯಾಗಿದ್ದಿತು.

ಮಠದ ಹೊರಗೆ ದುಡಿಯುತ್ತಿದ್ದವರ ಕಾಲು ಬೆನ್ನುಗಳ ವಿಚಾರವನ್ನು ಶಾಸ್ತ್ರೀಯವಾಗಿ ಎತ್ತಿದವರಲ್ಲಿ ಇಟಲಿಯ ವೈದ್ಯನಾದ ಬೆರ್ನಾರ್ಡಿನೋ ರಾಮಾಟ್ಸೀನಿಯು ಅಗ್ರಗಣ್ಯನು. ಇವನು 1700ನೆಯ ಇಸವಿಯಲ್ಲಿ ಮೊಡೆನ ನಗರದಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದನು. ನಿಂತು ಕೆಲಸ ಮಾಡುವವರ ಕಷ್ಟಗಳಿಗೆ ಒಂದು ಅಧ್ಯಾಯ, ಕುಳಿತು ಕೆಲಸ ಮಾಡುವವರ ಕಷ್ಟಗಳಿಗೆ ಇನ್ನೊಂದು. 1713ರ ಪರಿಷ್ಕರಣದಲ್ಲಿ ಲೇಖಕರು ಮತ್ತು ಲೆಕ್ಕಿಗರ ವಿಚಾರವನ್ನೂ ಸೇರಿಸಿ, ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ಬಗೆಯಲ್ಲಿ ಆಡಿಸುತ್ತಿರುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿ ಇವು ಮೂರೂ ಅವರ ರೋಗಕ್ಕೆ ಕಾರಣಗಳೆಂದು ಅವನು ಹೇಳಿದನು. ನಿಲ್ಲುವುದನ್ನು ಹಳಿದು ಕೂರುವುದನ್ನು ಹೊಗಳಲಿಲ್ಲ. ಕೂರುವುದನ್ನು ಹಳಿದು ನಿಲ್ಲುವುದನ್ನೂ ಹೊಗಳಲಿಲ್ಲ. ಎರಡರಲ್ಲಿಯೂ ದೋಷವಿರುವುದು ಅತಿಯಲ್ಲಿಯೇ ಎಂಬುದು ಅವನ ಬರಹದಿಂದ ವ್ಯಕ್ತವಾಗುತ್ತದೆ. ಮುಂದಿನವರು ಈ ಮಾತನ್ನು ಮರೆತು, ಬಹುಕಾಲ ಅಲೆದಾಡಿ, ಕೊನೆಗೆ ಮತ್ತೆ ಅಲ್ಲಿಗೇ ಬಂದರೆಂಬುದೇ ಈ ಚರಿತ್ರೆಯ ಸಾರ.

ಕನ್ನಡ ನಾಡಿನ ಶಾನುಭೋಗರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ವ್ಯಾಪಾರದ ಕೋಠಿಗಳ ಗುಮಾಸ್ತರು ಎದೆಯೆತ್ತರದ ಇಳಿಜಾರು ಮೇಜುಗಳ ಮುಂದೆ ಬರೆಯುತ್ತಿದ್ದರು. ಬೇಕೆನಿಸಿದಾಗ ನಿಲ್ಲುವರು, ಸಾಕೆನಿಸಿದಾಗ ಹಿಂದಿದ್ದ ಎತ್ತರದ ಸ್ಟೂಲಿಗೆ ಆನಿಕೊಳ್ಳುವರು. ಒರಗುವುದಕ್ಕೆ ಬೆನ್ನು ಇಲ್ಲದ ಆ ಸ್ಟೂಲು ಸುಖಾಸನವೇನೂ ಅಲ್ಲ. ಆದರೂ ಮೇಜಿನ ಎತ್ತರವು ನಿಂತವನಿಗೂ ಕುಳಿತವನಿಗೂ ಒಂದೇ ಆಗಿದ್ದುದರಿಂದ ಭಂಗಿಯನ್ನು ಬದಲಿಸುವ ಸ್ವಾತಂತ್ರ್ಯ ಅಲ್ಲಿದ್ದಿತು. ಅಮೆರಿಕದ ಥಾಮಸ್ ಜೆಫರ್ಸನ್ನನು ನಿಂತು ಬರೆಯುವ ಎತ್ತರದ ಮೇಜನ್ನೂ, 1776ರ ಸುಮಾರಿನದಾದ ತಿರುಗುಕುರ್ಚಿಯನ್ನೂ ಇಟ್ಟುಕೊಂಡಿದ್ದನು. ಆ ಕುರ್ಚಿಯು ಫಿಲಡೆಲ್ಫಿಯದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ವಶದಲ್ಲಿದೆ. 1849ರಲ್ಲಿ ಥಾಮಸ್ ವಾರನ್ನನು ಪೀಠದ ಕೆಳಗೆ ಬಾಗಿದ ಉಕ್ಕಿನ ಸ್ಪ್ರಿಂಗುಗಳನ್ನಿಟ್ಟು, ಎಲ್ಲ ಕಡೆಗೂ ತಿರುಗುವ ಮತ್ತು ಓಲಾಡುವ ಕುರ್ಚಿಯನ್ನು ರಚಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಜನರು ನೋಡಿದರು. ಕುಳಿತವನ ದೇಹವು ಚಲಿಸುವುದಾದರೆ ಕುರ್ಚಿಯೂ ಅದರೊಡನೆ ಚಲಿಸಬೇಕೆಂಬ ತತ್ತ್ವವು ಅಷ್ಟು ಹಿಂದೆಯೇ ಉದಯಿಸಿದ್ದಿತು.

ಹೀಗಿರಲು ಯಂತ್ರವೊಂದು ಬಂದು ಈ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. 1874ರಲ್ಲಿ ರೆಮಿಂಗ್ಟನ್ ಕಾರ್ಖಾನೆಯ ಬೆರಳಚ್ಚು ಯಂತ್ರವು ಮಾರುಕಟ್ಟೆಗೆ ಬಂದ ತರುವಾಯ ಕಚೇರಿಯ ಮೇಜು ತಗ್ಗಾಯಿತು. ಗುಮಾಸ್ತನ ಬದಲು ಬೆರಳಚ್ಚು ಮಾಡುವ ಸ್ತ್ರೀಯು ಒಂದೇ ಕಡೆ, ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ ದಿನವನ್ನು ಕಳೆಯುವಂತಾಯಿತು. 1884ರಲ್ಲಿ ಜರ್ಮನಿಯ ವೈದ್ಯನಾದ ಫ್ರಾನ್ಸ್ ಸ್ಟಾಫೆಲ್ಲನು ಕುಳಿತವರ ಸೊಂಟದ ಬಾಗನ್ನು ಕುರ್ಚಿಯ ಬೆನ್ನು ಆಧರಿಸಬೇಕೆಂದು ವಾದಿಸಿದನು. ತೊಡೆಯೂ ಮುಂಡವೂ ಲಂಬಕೋನದಲ್ಲಿ ನಿಂತ ನೆಟ್ಟನೆಯ ಕೂರುವಿಕೆಯೇ ಆದರ್ಶವೆಂಬ ಭಾವನೆಯು ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಬೇರೂರಿತು.

ಕಚೇರಿಯಲ್ಲಿ ಹೀಗೆ ಕುಳಿತವರ ಕಷ್ಟವಾದರೆ, ಅಂಗಡಿಗಳಲ್ಲಿ ಕೂರಲಾಗದವರ ಕಷ್ಟ. ಲಂಡನ್ ಮೊದಲಾದ ನಗರಗಳ ದೊಡ್ಡ ಅಂಗಡಿಗಳಲ್ಲಿ ಮಾರಾಟದ ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ನಿಂತಿರಬೇಕಾಗಿದ್ದಿತು. ಕೆಲಸವಿಲ್ಲದಾಗ ಕುಳಿತರೂ ಅದು ಸೋಮಾರಿತನವೆಂದೆಣಿಸಲ್ಪಡುತ್ತಿದ್ದಿತು. ಬ್ರಿಟಿಷ್ ಪಾರ್ಲಿಮೆಂಟು 1899ರಲ್ಲಿ ಈ ವಿಷಯಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿ, ಮೂವರು ಮಾರಾಟದ ಸ್ತ್ರೀಯರಿಗೆ ಒಂದಕ್ಕಿಂತ ಕಡಮೆಯಿಲ್ಲದಂತೆ ಆಸನಗಳನ್ನು ಒದಗಿಸತಕ್ಕದ್ದೆಂದು ವಿಧಿಸಿತು. ಮೂವರಿಗೆ ಒಂದು ಪೀಠವೆಂಬುದು ಉದಾರವಾದ ಲೆಕ್ಕವಲ್ಲ. ಆದರೂ ಮಠದಲ್ಲಿ ಕರುಣೆಯಾಗಿದ್ದುದು ಇಲ್ಲಿ ಶಾಸನವಾಯಿತು.

ಅನಂತರ ಹದಿನೇಳು ವರ್ಷಗಳಿಗೆ, 1916ರಲ್ಲಿ, ಅಮೆರಿಕದ ಗಿಲ್‌ಬ್ರೆತ್ ದಂಪತಿಗಳು ದಣಿವನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಫ್ರಾಂಕ್ ಗಿಲ್‌ಬ್ರೆತ್ತನು ಮೊದಲು ಇಟ್ಟಿಗೆ ಕಟ್ಟುವ ಕೆಲಸವನ್ನು ಕಲಿತವನು. ಲಿಲಿಯನ್ನಳು ಮನಶ್ಶಾಸ್ತ್ರದ ವಿದುಷಿ. ಕೆಲಸದ ಮೇಜನ್ನು ನಿಂತವರ ಮೊಣಕೈಗೆ ಸರಿಯಾಗಿ ಎತ್ತರಿಸಿ, ಅದಕ್ಕೆ ಹೊಂದುವ ಎತ್ತರದ ಕುರ್ಚಿಯನ್ನು ಕಾಲಿಡುವ ಪಟ್ಟಿಯೊಡನೆ ಕೊಟ್ಟರೆ, ಕೆಲಸಗಾರರು ಕೆಲಸವನ್ನು ನಿಲ್ಲಿಸದೆಯೇ ನಿಲ್ಲಲೂಬಹುದು, ಕೂರಲೂಬಹುದು ಎಂಬುದು ಅವರ ಸೂಚನೆ. ಹಳೆಯ ಕೋಠಿಯ ಗುಮಾಸ್ತನಿಗೆ ತಿಳಿಯದೆಯೇ ದೊರೆತಿದ್ದುದನ್ನು ಇವರು ತಿಳಿದು ಪುನಃ ಸ್ಥಾಪಿಸಲು ಯತ್ನಿಸಿದರು.

ಇಷ್ಟಾದರೂ ಲಂಬಕೋನದ ಸಿಂಹಾಸನವು ಅಲುಗಲಿಲ್ಲ. ಅದನ್ನು ಅಲುಗಿಸಿದುದು ಕ್ಷ-ಕಿರಣ. 1953ರಲ್ಲಿ ಅಮೆರಿಕದ ನೆಬ್ರಾಸ್ಕ ಪ್ರಾಂತದ ವೈದ್ಯನಾದ ಜೇ ಕೀಗನ್ನನು ಜನರನ್ನು ಪಕ್ಕಕ್ಕೆ ಮಲಗಿಸಿ, ತೊಡೆಗಳನ್ನು ಬೇರೆಬೇರೆ ಕೋನಗಳಲ್ಲಿರಿಸಿ, ಬೆನ್ನೆಲುಬಿನ ಚಿತ್ರಗಳನ್ನು ತೆಗೆದನು. ತೊಡೆಗೂ ಮುಂಡಕ್ಕೂ ನಡುವೆ ಸುಮಾರು 135 ಅಂಶಗಳ ಕೋನವಿದ್ದಾಗ ಸೊಂಟದ ಬಾಗು ಸಹಜವಾಗಿ ಉಳಿಯುವುದೆಂದೂ, 90 ಅಂಶಗಳಿಗೆ ಮಡಿಸಿದೊಡನೆ ಅದು ಚಪ್ಪಟೆಯಾಗುವುದೆಂದೂ ಕಂಡುಬಂದಿತು. ತೊಡೆಯ ಹಿಂಬದಿಯ ಸ್ನಾಯುಗಳು ಕಟಿಯ ಎಲುಬನ್ನು ಹಿಂದಕ್ಕೆ ಸೆಳೆಯುವುದೇ ಇದಕ್ಕೆ ಮುಖ್ಯ ಕಾರಣ. 135 ಅಂಶಗಳೆಂದರೆ ಪೂರ್ತಿ ಕೂತದ್ದೂ ಅಲ್ಲ, ನಿಂತದ್ದೂ ಅಲ್ಲ. ಕುದುರೆಸವಾರನು ಜೀನಿನ ಮೇಲಿರುವ ಭಂಗಿಗೆ ಸಮೀಪವಾದುದು. ಡೆನ್ಮಾರ್ಕಿನ ಶಸ್ತ್ರವೈದ್ಯನಾದ ಮಾಂದಾಲ್ ಎಂಬಾತನು 1970ರ ದಶಕದಲ್ಲಿ ಈ ತತ್ತ್ವವನ್ನು ಹಿಡಿದು, ಪೀಠವು ಮುಂದಕ್ಕೆ ಇಳಿಜಾರಾಗಿರಬೇಕು, ಅದರ ಎತ್ತರವು ಕೂರುವವನ ಎತ್ತರದ ಮೂರರಲ್ಲೊಂದು ಪಾಲಿಗೆ ಕಡಮೆಯಿರಬಾರದು, ಮೇಜಿನ ಎತ್ತರವು ಅರ್ಧದಷ್ಟಿರಬೇಕು ಎಂದು ಪ್ರತಿಪಾದಿಸಿದನು. ಈ ಲೆಕ್ಕದಂತೆ 168 ಸೆಂಟಿಮೀಟರು ಎತ್ತರದವನಿಗೆ ಪೀಠವು 56, ಮೇಜು 84 ಸೆಂಟಿಮೀಟರು ಇರಬೇಕಾಗುತ್ತದೆ.

ಈ ವಿಚಾರಕ್ಕೆ ಆಕಾರವನ್ನು ಕೊಟ್ಟವರು ನಾರ್ವೆಯವರು. 1979ರಲ್ಲಿ ಅಲ್ಲಿಂದ ಹೊರಬಂದ ಮೊಣಕಾಲೂರುವ ಕುರ್ಚಿಯು ಬೆನ್ನನ್ನು ನೇರಗೊಳಿಸಿತಾದರೂ, ಮೊಳಕಾಲ ಮೇಲೆ ಭಾರವನ್ನು ಹೊರಿಸಿ ಕಾಲುಗಳನ್ನು ಸೆರೆಯಾಗಿಸಿತೆಂಬ ದೂರು ಕೇಳಿಬಂದಿತು. ಅದರ ರಚನೆಯಲ್ಲಿ ಪಾಲ್ಗೊಂಡಿದ್ದ ಪೀಟರ್ ಓಪ್ಸ್ವಿಕ್ಕನು 1984ರಲ್ಲಿ ‘ಕಪಿಸ್ಕೋ’ ಎಂಬ ಬೇರೊಂದು ಕುರ್ಚಿಯನ್ನು ರಚಿಸಿದನು. ಇದರ ಪೀಠವು ಜೀನಿನಂತಿದ್ದು, ಮುಂದೆ ಕಿರಿದಾಗಿ ತೊಡೆಗಳು ಕೆಳಕ್ಕಿಳಿಯಲು ಎಡೆಕೊಡುತ್ತದೆ. ಇದರ ಮೇಲೆ ಮುಂದುಹಿಂದಾಗಿಯೂ ಪಕ್ಕಕ್ಕೆ ತಿರುಗಿಯೂ ಕೂರಬಹುದು. ಎತ್ತರಿಸಿದರೆ ಆನಿಕೊಂಡು ನಿಲ್ಲಬಹುದು.

ಇಂತಹ ಕುರ್ಚಿಯನ್ನು ರಚಿಸುವುದು ತೋರುವಷ್ಟು ಸುಲಭವಲ್ಲ. ಸಾಧಾರಣ ಪೀಠವು ನೆಲದಿಂದ ಸುಮಾರು 40ರಿಂದ 50 ಸೆಂಟಿಮೀಟರು ಎತ್ತರದಲ್ಲಿದ್ದರೆ ಸಾಕು. ಆನಿಕೊಳ್ಳುವುದಕ್ಕೆ 60ರಿಂದ 80 ಬೇಕಾಗುತ್ತದೆ. ಹಿಂದೆ ತಿರುಪಿನ ಕಂಬವನ್ನು ಸುತ್ತಿಸಿ ಎತ್ತರವನ್ನು ಬದಲಿಸಬೇಕಾಗಿದ್ದಿತು. ಆ ಶ್ರಮಕ್ಕೆ ಅಂಜಿ ಜನರು ಒಮ್ಮೆ ಇರಿಸಿದ ಎತ್ತರದಲ್ಲಿಯೇ ವರ್ಷಗಟ್ಟಲೆ ಇರುತ್ತಿದ್ದರು. ಕೊಳವೆಯೊಳಗೆ ನೈಟ್ರೋಜನ್ ಅನಿಲವನ್ನು ಒತ್ತಿ ತುಂಬಿದ ಕಂಬವು ಬಂದ ಮೇಲೆ, ಸನ್ನೆಯನ್ನೊತ್ತಿದೊಡನೆ ಕವಾಟವು ತೆರೆದು, ಮೈಭಾರಕ್ಕೆ ಪೀಠವು ಇಳಿಯುವಂತೆಯೂ ಭಾರವನ್ನು ತೆಗೆದರೆ ಏರುವಂತೆಯೂ ಆಯಿತು. ಆದರೆ ಎತ್ತರವು ಹೆಚ್ಚಿದಷ್ಟೂ ಉರುಳುವ ಭಯವೂ ಹೆಚ್ಚುವುದರಿಂದ ಬುಡವು ಅಗಲವಾಗಬೇಕು. ಆನಿಕೊಂಡವನು ಪೀಠವನ್ನು ಹಿಂದಕ್ಕೆ ನೂಕುವುದರಿಂದ ಗಾಲಿಗಳಿಗೆ ತಡೆಯಿರಬೇಕು. ಪೀಠವು ಮುಂದಕ್ಕೆ ಬಾಗಿದರೆ ಮೈ ಜಾರುವುದರಿಂದ ಅದರ ಆಕಾರವೂ ಹೊದಿಕೆಯೂ ದೇಹವನ್ನು ಹಿಡಿದು ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮೇಜೂ ಕುರ್ಚಿಯೊಡನೆ ಏರಬೇಕು. ಮೇಜು ತಗ್ಗಿನಲ್ಲಿಯೇ ಉಳಿದರೆ ಎತ್ತರದ ಕುರ್ಚಿಯು ಬೆನ್ನನ್ನು ಮತ್ತಷ್ಟು ಬಗ್ಗಿಸುವುದೇ ಹೊರತು ನೆಟ್ಟಗೆ ಮಾಡಲಾರದು.

ಇಲ್ಲಿಗೆ ಪರಿಪೂರ್ಣವಾದ ಭಂಗಿಯು ದೊರೆತಂತಾಯಿತೆ? ಸ್ವೀಡನ್ನಿನ ನಾಕೆಮ್ಸನ್ನನು 1960ರ ದಶಕದಲ್ಲಿ ಬೆನ್ನಿನ ಮಣಿಗಳ ನಡುವಣ ಬಿಲ್ಲೆಯೊಳಗಿನ ಒತ್ತಡವನ್ನು ಅಳೆದು, ನಿಂತಾಗ ಅದು 100 ಎಂದು ಎಣಿಸಿದರೆ ಒರಗದೆ ಕುಳಿತಾಗ 140 ಆಗುವುದೆಂದು ಹೇಳಿದ್ದನು. ಕೂರುವುದೇ ಶತ್ರುವೆಂದು ಬಹುಮಂದಿ ನಂಬಿದರು. ಆದರೆ 1999ರಲ್ಲಿ ಜರ್ಮನಿಯ ಉಲ್ಮ್ ನಗರದ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ನಡೆಸಿದ ಪರೀಕ್ಷೆಯಲ್ಲಿ, ನಿಂತಾಗ 0.50, ಸಡಿಲವಾಗಿ ಕುಳಿತಾಗ 0.46 ಮೆಗಾಪಾಸ್ಕಲ್ ಒತ್ತಡವಿದ್ದುದಾಗಿ ಕಂಡುಬಂದಿತು. ಎಂದರೆ ವ್ಯತ್ಯಾಸವು ಅತ್ಯಲ್ಪ. ಆ ಬಿಲ್ಲೆಗಳಿಗೆ ರಸಪೋಷಣೆಯಾಗುವುದು ಒತ್ತಡವು ಏರಿ ಇಳಿಯುತ್ತಿರುವುದರಿಂದಲೇ ಆದುದರಿಂದ, ಭಂಗಿಯನ್ನು ಆಗಾಗ ಬದಲಿಸುವುದೇ ಮುಖ್ಯವೆಂದು ಅವರು ನಿರ್ಣಯಿಸಿದರು. ಮೂರು ಶತಮಾನಗಳ ಹಿಂದೆ ಉಪಕರಣಗಳಿಲ್ಲದೆ ರಾಮಾಟ್ಸೀನಿಯು ಕಂಡುಕೊಂಡಿದ್ದುದು ಇದನ್ನೇ ಅಲ್ಲವೆ? ಆದುದರಿಂದ ಅರೆನಿಂತ ಆಸನದ ಮಹಿಮೆಯು ಅದು ಉಳಿದೆರಡಕ್ಕಿಂತ ಶ್ರೇಷ್ಠವೆಂಬುದರಲ್ಲಿಲ್ಲ. ಉಳಿದೆರಡರ ನಡುವೆ ಅದು ಸೇತುವೆಯಾಗುವುದೆಂಬುದರಲ್ಲಿದೆ. ಎಂತಹ ಬೆಲೆಯುಳ್ಳ ಕುರ್ಚಿಯಾದರೂ ಅದರಲ್ಲಿ ಅಲುಗದೆ ಕುಳಿತವನಿಗೆ ಅದು ಸಂಕೋಲೆಯೇ ಸರಿ.

ಸೇತುವೆಯಿದ್ದರೂ ದಾಟಲು ಅನುಮತಿ ಬೇಕಲ್ಲವೆ? ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಲ್ಲಿ ಸನ್ನೆಯನ್ನೊತ್ತಿ ಪೀಠವನ್ನು ಏರಿಸಿ ಇಳಿಸುವವರಿರುವಂತೆಯೇ, ನೆರೆಯ ಕೇರಳದ ಜವಳಿ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರಬೇಕಾದ ಹೆಂಗಸರೂ ಇದ್ದರು. ಕೋಳಿಕೋಡಿನಲ್ಲಿ ಈ ಹೆಂಗಸರು ‘ಪೆಣ್‌ಕೂಟ್ಟು’ ಎಂಬ ಸಂಘವನ್ನು ಕಟ್ಟಿಕೊಂಡು ವರ್ಷಗಳ ಕಾಲ ಹೋರಾಡಿದ ಫಲವಾಗಿ, 2018ರಲ್ಲಿ ಕೇರಳ ಸರ್ಕಾರವು ಅಂಗಡಿಗಳ ಕಾಯಿದೆಯನ್ನು ತಿದ್ದಿ ಕೆಲಸಗಾರರಿಗೆ ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ಮಾರ್ಗವನ್ನು ಹಿಡಿಯಿತು. ಬ್ರಿಟಿಷ್ ಕಾಯಿದೆಗೂ ಇವಕ್ಕೂ ನಡುವೆ ನೂರಿಪ್ಪತ್ತು ವರ್ಷಗಳ ಅಂತರವಿದೆ.

ಕುರ್ಚಿಯನ್ನು ರಚಿಸುವವರು ಕೋನಗಳನ್ನೂ ಕಂಬಗಳನ್ನೂ ಎಣಿಸುವುದು ಯುಕ್ತವೇ. ಆದರೆ ಅವರ ಜಾಣ್ಮೆಯು ಫಲಿಸುವುದು, ನಿಲ್ಲುವ, ಕೂರುವ, ಆನಿಕೊಳ್ಳುವ ಕಾಲವನ್ನು ಆಯ್ದುಕೊಳ್ಳುವ ಅಧಿಕಾರವು ದುಡಿಯುವವರ ಕೈಗೆ ಬಂದಲ್ಲಿ ಮಾತ್ರ. ಮಠದ ಬಡಗಿಯು ಪೀಠದಡಿಯಲ್ಲಿ ಮರೆಸಿಟ್ಟ ಗೇಣಗಲದ ಹಲಗೆಯು ಇಂದು ಬೆಳಕಿಗೆ ಬಂದು ಕುರ್ಚಿಯಾಗಿದೆ. ಅದರ ಹೆಸರು ಮಾತ್ರ ‘ಕರುಣೆ’ ಎಂದೇ ಉಳಿಯಬೇಕಾಗಿಲ್ಲ.