ಮೂಲೆ ಸೇರಿದ್ದ ಹಾಡು

ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಗೊತ್ತಿಲ್ಲದವರು ನಮ್ಮ ತುಮಕೂರು ಸೀಮೆಯಲ್ಲಿ ಕಮ್ಮಿ. ಕಟ್ಟಿದವರ ಹೆಸರಿಲ್ಲ. ಹಾಡಿದವರು ಒಂದಿಷ್ಟು ಸೇರಿಸಿದರು, ಒಂದಿಷ್ಟು ಬಿಟ್ಟರು. ಯಾರೂ ತಕರಾರು ಮಾಡಲಿಲ್ಲ. ಆದರೆ ಒಬ್ಬನೇ ಬರೆದು, ಮುಗಿಸದೇ ಸತ್ತುಹೋದ ಹಾಡನ್ನು ಗೆಳೆಯರು ಮುಗಿಸಬಹುದಾ? ಬೀಟಲ್ಸ್‌ನವರ 'ನೌ ಅಂಡ್ ದೆನ್' ಕತೆ ತಿಳಿದಾಗಿನಿಂದ ಈ ಪ್ರಶ್ನೆ ನನ್ನ ತಲೆ ಕೊರೀತಿದೆ.

1970ರ ದಶಕದ ಕೊನೆಯಲ್ಲಿ ಜಾನ್ ಲೆನನ್ ನ್ಯೂಯಾರ್ಕಿನ ಮನೆಯಲ್ಲಿ ಪಿಯಾನೋ ನುಡಿಸುತ್ತಾ ಇದನ್ನು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ. 1980ರಲ್ಲಿ ಅವನ ಕೊಲೆಯಾಯಿತು. 1994ರಲ್ಲಿ ಹೆಂಡತಿ ಯೋಕೋ ಓನೋ ಅವನ ಕ್ಯಾಸೆಟ್ಟುಗಳನ್ನು ಪಾಲ್ ಮೆಕಾರ್ಟ್ನಿಗೆ ಕೊಟ್ಟಳು. ಅದರಲ್ಲಿದ್ದ ಎರಡು ಹಾಡುಗಳು 1995-96ರಲ್ಲಿ ಹೊರಬಂದವು. ಇದು ಮಾತ್ರ ಮೂಲೆ ಸೇರಿತು. 1995ರಲ್ಲಿ ಪಾಲ್, ಜಾರ್ಜ್, ರಿಂಗೋ ಮೂವರೂ ಕೂತು ಶುರು ಮಾಡಿದ್ದರು ನಿಜ. ಆದರೆ ಲೆನನ್ ದನಿಯ ಮೇಲೆ ಪಿಯಾನೋ ಕೂತುಬಿಟ್ಟಿತ್ತು, ಜೊತೆಗೆ ಕರೆಂಟಿನ ಗುಂಯ್ ಸದ್ದು ಬೇರೆ. ಬಿಡಿಸೋಕೆ ಆಗ ದಾರಿ ಇರಲಿಲ್ಲ. ಜಾರ್ಜ್‌ಗೆ ಹಾಡು ಹಿಡಿಸಿರಲಿಲ್ಲ ಅಂತ ಪಾಲ್ ಆಮೇಲೆ ಹೇಳಿದ್ದುಂಟು. 2001ರಲ್ಲಿ ಜಾರ್ಜ್ ಕೂಡ ಹೋದ.

ದಾರಿ ಸಿಕ್ಕಿದ್ದು ಒಂದು ಸಾಕ್ಷ್ಯಚಿತ್ರದಿಂದ. 2021ರ 'ಗೆಟ್ ಬ್ಯಾಕ್'ಗಾಗಿ ಪೀಟರ್ ಜಾಕ್ಸನ್ ತಂಡ, ಒಂದಕ್ಕೊಂದು ಬೆರೆತ ಸದ್ದುಗಳನ್ನು ಬೇರ್ಪಡಿಸೋ ತಂತ್ರಾಂಶ ಮಾಡಿಕೊಂಡಿತ್ತು. ಅದಕ್ಕೆ ಈ ಹಾಡು ಹಾಕಿದರೆ ಲೆನನ್ ದನಿ ನಿಚ್ಚಳವಾಗಿ ಈಚೆ ಬಂತು! ರಿಂಗೋ ಡ್ರಮ್ಸ್, ಪಾಲ್ ಬೇಸ್ ಹೊಸದಾಗಿ ಸೇರಿದವು. ಜಾರ್ಜ್ 1995ರಲ್ಲಿ ನುಡಿಸಿದ್ದ ಗಿಟಾರನ್ನೇ ಉಳಿಸಿಕೊಂಡರು. 2023ರ ನವೆಂಬರ್ 2ರಂದು ಬಿಡುಗಡೆ, ಬ್ರಿಟನ್ನಿನಲ್ಲಿ ಮೊದಲ ಸ್ಥಾನ, 2025ರಲ್ಲಿ ಗ್ರ್ಯಾಮಿ.

ಇಲ್ಲೊಂದು ಸೂಕ್ಷ್ಮ ಇದೆ. ಲೆನನ್ ಹಾಡಿದ್ದ ಒಂದು ಭಾಗ ಹೊಸ ಹಾಡಿನಲ್ಲಿ ಇಲ್ಲ. ಬೇಡ ಅನ್ನೋಕೆ ಅವನಿಲ್ಲವಲ್ಲ... ಆದರೂ ಗೆಳೆಯರು ಮುಗಿಸಿದ್ದು ತಪ್ಪು ಅಂತ ನನಗನ್ನಿಸೋದಿಲ್ಲ, ಅವನು ಹಾಡಿಟ್ಟಿದ್ದು ಹಾಗೇ ಉಳಿದಿರೋವರೆಗೆ. ಹೋಲಿಸಿ ನೋಡಬಹುದು, ಜಗಳ ಆಡಬಹುದು.

ನಮ್ಮ ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಎಷ್ಟು ರಂಗಗೀತೆ, ಎಷ್ಟು ಕಂಠ! ಗ್ರಾಮಫೋನ್ ಪ್ಲೇಟಿಗೆ ಹತ್ತದ ದನಿಗಳೆಲ್ಲ ಅವತ್ತಿನ ನಾಟಕದ ಜೊತೆಗೇ ಮುಗಿದವು. ಅವನ್ನು ಯಾವ ತಂತ್ರಾಂಶವೂ ತರಲಾರದು. ದನಿ ಬಿಡಿಸೋಕೆ ಕೆಟ್ಟದೋ ಒಳ್ಳೇದೋ, ಒಂದು ಕ್ಯಾಸೆಟ್ಟಾದರೂ ಇರಬೇಕು.

ಗೆಳೆಯರೇ, ನಿಮ್ಮನೆ ಅಟ್ಟದ ಮೇಲೆ ಅಜ್ಜಿಯ ಸೋಬಾನೆ ಪದ, ಊರಿನ ನಾಟಕದ ಹಾಡು ತುಂಬಿದ ಕ್ಯಾಸೆಟ್ ಬಿದ್ದಿದ್ದರೆ, ಬರೀ ಗೊರಗೊರ ಅನ್ನುತ್ತೆ ಅಂತ ಗುಜರಿಗೆ ಹಾಕಬೇಡಿ. ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸದ್ದು ಬಿಡಿಸೋದು ಆಮೇಲಿನ ಮಾತು.