ತಿರುಗಿ ಬಂದವರಿಗೆ ಕಲ್ಲಿಲ್ಲ

ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲೊಂದರ ಮುಂದೆ ನಿಂತು ನಮ್ಮ ದೊಡ್ಡಪ್ಪ ಕೇಳಿದರು: 'ಇವನ ಕೂಡ ಹೋದೋರೊಳಗ ಎಷ್ಟು ಮಂದಿ ವಾಪಸ್ ಬಂದ್ರು?'

ವೀರಗಲ್ಲುಗಳ ಮೇಲೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವವನು ನಾನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ ಎಂದು ಆಗಷ್ಟೇ ಗೈಡಿನಂತೆ ವಿವರಿಸಿ ಮುಗಿಸಿದ್ದೆ. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಕಲ್ಲು ಬೀಳುವುದು ಸತ್ತವನಿಗೆ. ಅವನ ಮನೆಯವರಿಗೆ ಕೊಟ್ಟ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಹೆಸರೂ ಇದೆ. ಚೆಲ್ಲಿದ ನೆತ್ತರಿಗೆ ಲೆಕ್ಕವಿತ್ತು. ಅದೇ ಕಾಳಗದಿಂದ ಮೈಯಲ್ಲಿ ನೆತ್ತರು ಉಳಿಸಿಕೊಂಡು ಊರಿಗೆ ಬಂದವನು ಆಮೇಲೆ ಹೇಗೆ ಬದುಕಿದ, ರಾತ್ರಿ ಮಲಗಿದನೋ ಇಲ್ಲವೋ, ಯಾರೂ ಕೆತ್ತಲಿಲ್ಲ.

ಅಂದು ನಾವು ಮ್ಯೂಸಿಯಂ ನೋಡಲೆಂದೇ ಹೊರಟವರಲ್ಲ. ದೊಡ್ಡಪ್ಪ ಕಂಪ್ಲಿ ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಹೊಸಪೇಟೆಗೆ ಬಂದು ರಕ್ತ ಕೊಟ್ಟಿದ್ದರು. ವರದಿ ಮಧ್ಯಾಹ್ನ ಎಂದರು, ಹೊತ್ತು ಕಳೆಯಲು ಕಮಲಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಮೂರು ಗಂಟೆಗೆ ಕೈಗೆ ಬಂದ ಹಾಳೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 264, ಎಲ್‌ಡಿಎಲ್ 178, ಎಚ್‌ಡಿಎಲ್ 36 ಎಂದಿತ್ತು. ವೈದ್ಯರು ಒಂದು ಮಾತ್ರೆ ಬರೆದು, ಮಿರ್ಚಿ ಬಿಡಿ ಎಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಟ್ಟರೆ ಬಳ್ಳಾರಿ ಸೀಮೆಯವನಿಗೆ ಸಂಜೆ ಎಂಬುದೇ ಉಳಿಯುವುದಿಲ್ಲ, ಅದು ಬೇರೆ ಮಾತು. ನಿದ್ದೆ ಹೇಗೆ, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ದೊಡ್ಡಪ್ಪ ಹೇಳಲೂ ಇಲ್ಲ.

1987ರ ಅಕ್ಟೋಬರದಲ್ಲಿ ಜಾಫ್ನಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆಯಲ್ಲಿ ಅವರಿದ್ದರು. ಆಗ ವಯಸ್ಸು 23. 1990ರ ಮಾರ್ಚಿನಲ್ಲಿ ಪಡೆ ಹಿಂದಿರುಗುವಷ್ಟರಲ್ಲಿ ಸುಮಾರು 1200 ಮಂದಿ ಸತ್ತಿದ್ದರು. ಯಾವ ಗೆಲುವೂ ಇಲ್ಲದ ಆ ಯುದ್ಧದಿಂದ ಬಂದವರಿಗೆ ಹಾರ ಹಾಕುವ ಉತ್ಸಾಹ ಯಾರಿಗೂ ಇರಲಿಲ್ಲ. ಅವರು ಮುಂಗೋಪಿಯಾಗಿದ್ದಾರೆ, ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ, ದೀಪಾವಳಿಯಲ್ಲಿ ಊರು ಬಿಟ್ಟು ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಮಲಗುತ್ತಾರೆ ಎಂಬುದನ್ನು ನಮ್ಮ ಬಳಗ ಎರಡೇ ಪದದಲ್ಲಿ ಮುಗಿಸಿತ್ತು: ಮಿಲಿಟರಿ ಕೊಬ್ಬು. ಕನ್ನಡದಲ್ಲಿ ಕೊಬ್ಬು ಎಂದರೆ ಮೇದಸ್ಸೂ ಹೌದು, ಸೊಕ್ಕೂ ಹೌದು. ಲ್ಯಾಬಿನ ಹಾಳೆ ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಆ ಬೈಗುಳ.

ಯುದ್ಧೋತ್ತರ ಮಾನಸಿಕ ಆಘಾತ ಎಂಬ ಹೆಸರನ್ನು ಅವರಿಗೆ ಯಾವ ವೈದ್ಯರೂ ಕೊಟ್ಟಿಲ್ಲ. ಕೊಡುವ ಅಧಿಕಾರ ನನಗಿಲ್ಲ. ಆದರೆ ಸಿಪಾಯಿಯ ಮನಸ್ಸಿಗೂ ಅವನ ರಕ್ತನಾಳಗಳಿಗೂ ಇರುವ ನಂಟನ್ನು ಹುಡುಕಿದವರ ಚರಿತ್ರೆ ದೊಡ್ಡದಿದೆ, ಅದನ್ನು ಓದತೊಡಗಿದೆ.

ಅದು ಶುರುವಾಗುವುದು ಗುಂಡಿಗೆಯಿಂದಲೇ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ, 1871ರಲ್ಲಿ, ಫಿಲಡೆಲ್ಫಿಯಾದ ವೈದ್ಯ ಡಾ ಕೋಸ್ಟಾ ತಾನು ಕಂಡ ಮುನ್ನೂರು ಸಿಪಾಯಿಗಳ ಬಗ್ಗೆ ಬರೆದ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ನಿದ್ದೆಯಿಲ್ಲ. ಪರೀಕ್ಷಿಸಿದರೆ ಹೃದಯದಲ್ಲಿ ಕಾಣುವ ದೋಷವೇನೂ ಇಲ್ಲ. ಕೆರಳಿದ ಹೃದಯ ಎಂದು ಅವನು ಕರೆದ. ಕಾರಣ ಮಾತ್ರ ಜ್ವರ, ಭೇದಿ, ಅತಿಯಾದ ನಡಿಗೆ ಎಂದ. ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನ ಸೇನಾವೈದ್ಯ ಆರ್ಥರ್ ಮೈಯರ್ಸ್ ಬಿಗಿಯಾದ ಸಮವಸ್ತ್ರ ಮತ್ತು ಪಟ್ಟಿಗಳ ಮೇಲೆ ತಪ್ಪು ಹೊರಿಸಿದ್ದ. 1915ರಲ್ಲಿ ಮತ್ತೊಬ್ಬ ಮೈಯರ್ಸ್ (ಚಾರ್ಲ್ಸ್; ಹೆಸರೊಂದೇ, ಮನುಷ್ಯ ಬೇರೆ) ಲ್ಯಾನ್ಸೆಟ್ ಪತ್ರಿಕೆಯಲ್ಲಿ ಶೆಲ್ ಶಾಕ್ ಎಂಬ ಮಾತನ್ನು ಬಳಸಿದ. ಅಂಗಿಯ ಗುಂಡಿಯಿಂದ ಫಿರಂಗಿಯ ಗುಂಡಿನವರೆಗೆ ಎಲ್ಲವನ್ನೂ ಅನುಮಾನಿಸಿದ ವೈದ್ಯರು, ಸಿಪಾಯಿ ಕಂಡದ್ದೇನು ಎಂದು ಕೇಳುವುದಕ್ಕೆ ಬಹಳ ಕಾಲ ತೆಗೆದುಕೊಂಡರು.

ಇಲ್ಲಿಯೂ ಒಂದು ಕುರುಹಿದೆ. ಸಂಡೂರಿನ ರಾಮನದುರ್ಗ, ಮೂರು ಸಾವಿರ ಅಡಿಗೂ ಎತ್ತರದ ಬೆಟ್ಟ. ಬಳ್ಳಾರಿ ದಂಡಿನ ಬಿಳಿಯ ಸಿಪಾಯಿಗಳು ಚೇತರಿಸಿಕೊಳ್ಳಲೆಂದು ಕಂಪನಿಯವರು ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಆರೋಗ್ಯಧಾಮ ಕಟ್ಟಿದ್ದರು. ಈಗ ಮಂಜು, ಪಾಳುಗೋಡೆ, ದೂರದಲ್ಲಿ ಅದಿರಿನ ಕೆಂಪು. ಆ ಕಾಲದ ಚಿಕಿತ್ಸೆ ಎಂದರೆ ಗಾಳಿ ಬದಲಾವಣೆ. ಜ್ವರದವನಿಗೂ ಬೆದರಿದವನಿಗೂ ಅದೇ ಗಾಳಿ. ನಗಬೇಕಾಗಿಲ್ಲ, ನಮ್ಮ ದೊಡ್ಡಪ್ಪನಿಗೆ ಪಂಪ್‌ಸೆಟ್ ಮನೆಯಾದರೂ ಮತ್ತೇನು?

ಕೊಲೆಸ್ಟ್ರಾಲ್ ಈ ಕತೆಯೊಳಗೆ ಬರುವುದು ಹೆಣಗಳ ಮೂಲಕ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಕೊಯ್ದು ನೋಡಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ಆಗಲೇ ಕೊಬ್ಬಿನ ಲೇಪ ಶುರುವಾಗಿತ್ತು. ಮುದುಕರದ್ದೆಂದುಕೊಂಡ ರೋಗ ಹುಡುಗರಲ್ಲಿತ್ತು. ಹಾಗೆಂದು ಯುದ್ಧವೇ ಕಾರಣ ಎನ್ನುವಂತಿಲ್ಲ, ಅಮೆರಿಕದ ಊಟವೂ ಇತ್ತು.

ಮನಸ್ಸಿನ ಒತ್ತಡ ರಕ್ತದಲ್ಲಿ ಕಾಣುತ್ತದೆ ಎಂದು ತೋರಿಸಿದ ಸ್ವಾರಸ್ಯದ ಪ್ರಯೋಗ ನಡೆದದ್ದು ಯೋಧರ ಮೇಲಲ್ಲ, ಲೆಕ್ಕಿಗರ ಮೇಲೆ. ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ವೈದ್ಯರು, ತೆರಿಗೆ ಸಲ್ಲಿಸುವ ಗಡುವು ಹತ್ತಿರ ಬಂದಂತೆ ಅಕೌಂಟೆಂಟರ ರಕ್ತ ಪರೀಕ್ಷಿಸುತ್ತ ಹೋದರು. ಗಡುವಿನ ಹೊತ್ತಿಗೆ ಕೊಲೆಸ್ಟ್ರಾಲ್ ಏರಿತು, ಆಮೇಲೆ ಇಳಿಯಿತು. ತಿನ್ನುವುದರಲ್ಲಿ ಅದಕ್ಕೆ ತಕ್ಕ ಬದಲಾವಣೆ ಇರಲಿಲ್ಲ. 1958ರಲ್ಲಿ ಇದು ಪ್ರಕಟವಾಯಿತು.

ಲೆಕ್ಕಿಗನ ಗಡುವು ಏಪ್ರಿಲಿಗೆ ಮುಗಿಯುತ್ತದೆ. ಗಡುವು ಮುಗಿಯದವನ ಗತಿ? ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಈ ಆಘಾತವನ್ನು ಒಂದು ಕಾಯಿಲೆಯೆಂದು ಸೇರಿಸಿದ್ದು 1980ರಲ್ಲಿ, ವಿಯೆಟ್ನಾಮಿನಿಂದ ಬಂದವರ ಹೋರಾಟದ ಒತ್ತಡವೂ ಸೇರಿ. 1999ರಲ್ಲಿ ಅಂಥ ವಿಯೆಟ್ನಾಂ ಯೋಧರ ಮೇಲೆ ನಡೆದ ಒಂದು ಸಣ್ಣ ಅಧ್ಯಯನ ಅವರ ರಕ್ತದಲ್ಲಿ ಕೊಬ್ಬಿನ ಅಂಶ ಹೆಚ್ಚಿದೆ ಎಂದಿತು. ಆಮೇಲೆ ಬಂದವುಗಳಲ್ಲಿ ಕೆಲವು ಹೌದೆಂದವು, ಕೆಲವು ಅಷ್ಟೇನೂ ಇಲ್ಲ ಎಂದವು. ತರ್ಕ ಸರಳ: ಅಪಾಯ ಕಂಡಾಗ ಅಡ್ರಿನಲಿನ್ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ, ಓಡಲು ಇಲ್ಲವೇ ಹೊಡೆದಾಡಲು. ಓಡದೆ ಹೊಡೆದಾಡದೆ ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದವನ ಆ ಕೊಬ್ಬು ಎಲ್ಲಿಗೆ ಹೋಗಬೇಕು? ಬಹುಪಾಲು ಪಿತ್ತಜನಕಾಂಗಕ್ಕೆ ಮರಳಿ, ಅಲ್ಲಿಂದ ಬೇರೆ ರೂಪದಲ್ಲಿ ಮತ್ತೆ ರಕ್ತಕ್ಕೆ. ಇದರ ಜೊತೆಗೆ ನಿದ್ದೆಗೇಡು, ಬೀಡಿ, ಕ್ಯಾಂಟೀನಿನ ರಮ್ಮು, ನಡಿಗೆ ಬಿಟ್ಟ ಕಾಲು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಜಾಲಿಮುಳ್ಳಿನ ಬೇಲಿಯಿಂದ ಪಂಚೆ ಬಿಡಿಸಿದಂತೆ.

ಎದುರು ದಿಕ್ಕಿನ ವಾದವೂ ಒಂದಿತ್ತು. ಕೊಲೆಸ್ಟ್ರಾಲ್ ತೀರಾ ಇಳಿದರೆ ಮನಸ್ಸು ಕೆಡುತ್ತದೆ, ಆತ್ಮಹತ್ಯೆ ಹೆಚ್ಚುತ್ತದೆ ಎಂಬ ಭಯ 1990ರ ಸುಮಾರಿಗೆ ವೈದ್ಯಪತ್ರಿಕೆಗಳಲ್ಲಿ ಜೋರಾಗಿತ್ತು. ಸ್ಟ್ಯಾಟಿನ್ ಮಾತ್ರೆಗಳ ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಹಾಗಾಗಿ ದೊಡ್ಡಪ್ಪ ಮಾತ್ರೆ ನುಂಗಲಿ ಎನ್ನುವುದರಲ್ಲಿ ನನಗೆ ತಕರಾರಿಲ್ಲ. 264 ಎಂಬ ಅಂಕಿಯಲ್ಲಿ ಜಾಫ್ನಾ ಎಷ್ಟು, ಮಿರ್ಚಿ ಎಷ್ಟು ಎಂದು ಯಾರೂ ಹೇಳಲಾರರು. ಆದರೂ ಶಾಸನ ಓದುವವನಿಗೆ ಅರ್ಧ ಸವೆದ ಸಾಲೂ ಸಾಲೇ. ಅಲ್ಲಿ ನಾನು ಊಹೆಯನ್ನು ಕಂಸದೊಳಗೆ ಇಡುತ್ತೇನೆ, ಸಾಲನ್ನು ಬಿಡುವುದಿಲ್ಲ. ಇಲ್ಲೇಕೆ ಬಿಡಬೇಕು?

ತಿರುಗಿ ಬಂದವರ, ಉಳಿದುಹೋದವರ ಚರಿತ್ರೆ ಹುಡುಕುತ್ತ ಕೊನೆಗೆ ಕಂಪ್ಲಿಗೇ ಬಂದೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೇನೆ ಕಂಪಿಲಿ ರಾಜ್ಯವನ್ನು ಮುಗಿಸಿತು. ಮಡಿದ ಕುಮಾರರಾಮ ನಮ್ಮ ಜನಪದರಿಗೆ ದೇವರಾದ, ಅವನ ಮೇಲೆ ಸಾಂಗತ್ಯಗಳು ಬಂದವು. ಆದರೆ ಇಬ್ನ್ ಬತೂತ ಇನ್ನೊಂದು ಸಂಗತಿ ಬರೆಯುತ್ತಾನೆ. ಕಂಪಿಲರಾಯನ ಹನ್ನೊಂದು ಮಕ್ಕಳು ಸೆರೆಸಿಕ್ಕು ದೆಹಲಿಗೆ ಹೋದರು, ಮತಾಂತರವಾದರು, ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಣ್ಣಾರೆ ಕಂಡಿದ್ದ. ಅಬೂ ಮುಸ್ಲಿಂ ಎಂಬವನು ಅವನ ಗೆಳೆಯನೇ ಆಗಿದ್ದ. ಸುಲ್ತಾನ ಕುಡಿಯುವ ನೀರಿಗೆ ಮುದ್ರೆ ಹಾಕುವುದು ಅವನ ಕೆಲಸ. ತಂದೆಯನ್ನು ಕೊಲ್ಲಿಸಿದವನ ಕುಡಿಯುವ ನೀರು ಕೆಡದಂತೆ ಕಾಯುವುದು! ಅರಮನೆಯ ಹೆಂಗಸರು ಕೊಂಡಕ್ಕೆ ಹಾರಿದ್ದನ್ನೂ ಇಬ್ನ್ ಬತೂತ ಬರೆದಿದ್ದಾನೆ. ಗೆಳೆಯನ ರಾತ್ರಿಗಳ ಬಗ್ಗೆ ಒಂದಕ್ಷರ ಬರೆದಿಲ್ಲ. ಅವನ ಕನ್ನಡದ ಹೆಸರೂ ಅಲ್ಲಿಲ್ಲ.

ಕಳೆದ ದೀಪಾವಳಿಗೆ ನಾನೂ ಪಂಪ್‌ಸೆಟ್ ಮನೆಗೆ ಹೋದೆ. ದೊಡ್ಡಪ್ಪನ ಎಲ್‌ಡಿಎಲ್ ಆ ಹೊತ್ತಿಗೆ 112ಕ್ಕೆ ಇಳಿದಿತ್ತು, ನಿದ್ದೆ ಇದ್ದ ಹಾಗೇ ಇತ್ತು. ದೂರದ ಊರಿನಲ್ಲಿ ಪಟಾಕಿ ಸಿಡಿಯುವಾಗ ಅವರು ರೇಡಿಯೊದ ದನಿ ಏರಿಸುತ್ತಿದ್ದರು. ನಾನು ಅಬೂ ಮುಸ್ಲಿಮನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಬೀಡಿ ಆರಿಸಿ, 'ಅವಂಗ ಪೆನ್ಷನ್ ಇತ್ತೇನು?' ಎಂದರು. ಅಷ್ಟರಲ್ಲಿ ಕರೆಂಟು ಬಂತು, ಮೋಟರು ಹಾಕಲು ಎದ್ದು ಹೋದರು.