ಮತ್ಸ್ಯವಿನೋದವೂ ಮತ್ಸ್ಯಪೋಷಣವೂ

ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕಿ, ಅವುಗಳ ಸಂತತಿಯನ್ನು ಬೆಳಸಿ, ಅವುಗಳ ಬಣ್ಣವನ್ನೂ ಚಲನೆಯನ್ನೂ ನೋಡಿ ಸಂತೋಷಪಡುವ ಹವ್ಯಾಸವು ಈಗ ನಮ್ಮ ಪಟ್ಟಣಗಳಲ್ಲಿ ಸುಪರಿಚಿತವಾದುದು. ಇದರ ಪೂರ್ವಚರಿತ್ರೆಯ ಪ್ರಸ್ತಾಪ ಬಂದಾಗ, "ಇದು ನಮಗೆ ಹೊಸತಲ್ಲ; ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನೇ ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನು ರಚಿಸಿರುವನಷ್ಟೆ" ಎಂದು ಹೇಳುವವರುಂಟು. ಗ್ರಂಥವಿರುವುದು ನಿಜ, ಪ್ರಕರಣವಿರುವುದೂ ನಿಜ. ಆದರೆ ಇವೆರಡರಿಂದ ಆ ನಿರ್ಣಯವು ಸಿದ್ಧಿಸುವುದೇ ಎಂಬುದು ವಿಚಾರಾರ್ಹವಾಗಿದೆ. ಹೆಸರಿನ ಸಾಮ್ಯವೊಂದರಿಂದಲೇ ವಸ್ತುವಿನ ಸಾಮ್ಯವನ್ನು ಊಹಿಸುವುದು ಶಾಸ್ತ್ರಸಮ್ಮತವಾದ ಮಾರ್ಗವಲ್ಲ. ಅಧ್ಯಾಪಕರು ತರಗತಿಯಲ್ಲಿ ಆಡಿದ ಮಾತು ಮುಂದಿನ ತಲೆಮಾರಿಗೆ ಪ್ರಮಾಣವಾಗಿ ಪರಿಣಮಿಸುವುದುಂಟಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

(೧) ಲಕ್ಷಣನಿರ್ಣಯ

ಮೊದಲು ಲಕ್ಷಣವನ್ನು ಹೇಳಬೇಕು. ಮೀನುಗಳಿಗೆ ಆಹಾರವನ್ನು ಹಾಕುವುದೇ ಈ ಹವ್ಯಾಸವೆಂದರೆ, ಗಾಳಕ್ಕೆ ಎರೆಯನ್ನು ಸಿಕ್ಕಿಸುವ ಬೆಸ್ತನೂ ಇದರಲ್ಲಿ ಸೇರಿ ಅತಿವ್ಯಾಪ್ತಿದೋಷವುಂಟಾಗುವುದು. ನೋಡಿ ಸಂತೋಷಪಡುವುದೇ ಲಕ್ಷಣವೆಂದರೆ, ಕೊಳದ ಮೆಟ್ಟಿಲ ಮೇಲೆ ಕುಳಿತು ಎಳವಾಳೆಗಳ ಹೊಳಪನ್ನು ನಾಯಿಕೆಯ ಕಣ್ಣಿಗೆ ಹೋಲಿಸಿದ ಕವಿಗಳೆಲ್ಲರೂ ಇದರಲ್ಲಿ ಸೇರುವರು. ಆದಕಾರಣ ಮೂರು ಅಂಗಗಳು ಕೂಡಿರಬೇಕು: ಮೀನಿನ ಜೀವವನ್ನು ಕಾಪಾಡುವ ಪೋಷಣ; ಭಕ್ಷಣಕ್ಕಲ್ಲದೆ ದರ್ಶನಕ್ಕಾಗಿಯೇ ಇಡುವುದೆಂಬ ಪ್ರಯೋಜನ; ಹುಟ್ಟಿದ ಮರಿಗಳಲ್ಲಿ ಉತ್ತಮವಾದವನ್ನು ಆರಿಸಿ ಅವುಗಳಿಂದಲೇ ಮುಂದಿನ ಪೀಳಿಗೆಯನ್ನು ಪಡೆಯುವ ಸಂತಾನವರಣ. ಈ ಮೂರರಲ್ಲಿ ಯಾವುದು ಎಲ್ಲಿ ಹುಟ್ಟಿತೆಂದು ನೋಡುವುದೇ ಇಲ್ಲಿಯ ವಿಚಾರಕ್ರಮ.

(೨) ವೇದದ ಉಪಾಖ್ಯಾನ, ಕೋಶದ ಶಬ್ದಗಳು

ಪೂರ್ವಪಕ್ಷಕ್ಕೆ ಮಾನಸೋಲ್ಲಾಸಕ್ಕಿಂತಲೂ ಬಲವತ್ತರವಾದ ಆಧಾರವೊಂದುಂಟು. ಅದು ಶತಪಥಬ್ರಾಹ್ಮಣದ ಮನುಮತ್ಸ್ಯೋಪಾಖ್ಯಾನ. ಬೆಳಗ್ಗೆ ಕೈತೊಳೆಯುವ ನೀರಿನಲ್ಲಿ ಮನುವಿನ ಕೈಗೆ ಒಂದು ಕಿರುಮೀನು ಬರುತ್ತದೆ. ಚಿಕ್ಕವುಗಳಾಗಿರುವಾಗ ತಮ್ಮನ್ನು ಮೀನೇ ನುಂಗುವುದೆಂದು ಹೇಳಿಕೊಂಡು, ತನ್ನನ್ನು ಮೊದಲು ಕೊಡದಲ್ಲಿಯೂ, ಅದನ್ನು ಮೀರಿ ಬೆಳೆದಾಗ ಹಳ್ಳವನ್ನು ತೋಡಿ ಅದರಲ್ಲಿಯೂ, ಕೊನೆಗೆ ಸಮುದ್ರದಲ್ಲಿಯೂ ಇಡಬೇಕೆಂದು ಬೇಡುತ್ತದೆ. ಮಹಾಭಾರತದ ವನಪರ್ವದಲ್ಲಿ ಈ ಕಥೆಯೇ ಅಲಿಂಜರ, ವಾಪಿ, ಗಂಗೆ, ಸಮುದ್ರ ಎಂಬ ಕ್ರಮದಲ್ಲಿ ವಿಸ್ತಾರಗೊಂಡಿದೆ. ಕಥೆಯ ತಾತ್ಪರ್ಯವು ಪ್ರಳಯವನ್ನೂ ಮನುವಿನ ರಕ್ಷಣೆಯನ್ನೂ ಕುರಿತದ್ದಾದರೂ ಇದರಲ್ಲಿ ಅಡಗಿರುವ ಲೋಕಾನುಭವವು ಗಮನಾರ್ಹ. ಮರಿಗಳನ್ನು ದೊಡ್ಡ ಮೀನುಗಳಿಂದ ಬೇರ್ಪಡಿಸದಿದ್ದರೆ ಉಳಿಯಲಾರವು. ಮೀನು ಬೆಳೆದಂತೆ ಪಾತ್ರವೂ ಬೆಳೆಯಬೇಕು. ಇಂದು ಮೀನುಮರಿಗಳನ್ನು ಬೆಳಸುವವರು ಮೊಟ್ಟಮೊದಲು ಕಲಿಯುವ ಪಾಠಗಳೂ ಇವೆರಡೇ. ಆದರೂ ಇಲ್ಲಿರುವುದು ಪೋಷಣವೆಂಬ ಮೊದಲನೆಯ ಅಂಗವೊಂದೇ. ಮನುವು ಮೀನನ್ನು ನೋಡುವುದಕ್ಕಾಗಿ ಇಟ್ಟುಕೊಂಡವನಲ್ಲ. ಶರಣು ಬಂದುದನ್ನು ಕಾಪಾಡಿದವನು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಯೋಜನವಿದೆ.

ಇನ್ನು ಕೋಶಗಳ ಸಾಕ್ಷ್ಯ. ಅಮರಕೋಶದ ವಾರಿವರ್ಗದಲ್ಲಿ ಮೀನಿನ ಪರ್ಯಾಯಪದಗಳು ಹಲವಿವೆ. ಆಗತಾನೆ ಮೊಟ್ಟೆಯಿಂದ ಹೊರಟ ಮರಿಗಳ ಗುಂಪಿಗೆ ಪೋತಾಧಾನವೆಂಬ ಪ್ರತ್ಯೇಕ ಶಬ್ದವೂ ಇದೆ. ಅಲ್ಲಿಯೇ ಬರುವ ಮತ್ಸ್ಯಾಧಾನೀ ಎಂಬ ಶಬ್ದವನ್ನು ಕಂಡು, ಮೀನನ್ನಿಡುವ ಪಾತ್ರೆಯೆಂದರೆ ಈಗಿನ ಗಾಜಿನ ತೊಟ್ಟಿಯೇ ಇರಬಹುದೆಂದು ಭ್ರಮಿಸುವುದು ಸುಲಭ. ಆದರೆ ಕೋಶಕಾರನು ಅದಕ್ಕೆ ಕೊಡುವ ಪರ್ಯಾಯಪದ ಕುವೇಣೀ. ಅದು ಬೆಸ್ತನು ಹಿಡಿದ ಮೀನನ್ನು ಹಾಕಿಕೊಳ್ಳುವ ಬುಟ್ಟಿ. ಅದರ ಮಗ್ಗುಲಲ್ಲೇ ಇರುವ ಬಡಿಶವೆಂಬುದು ಗಾಳ. ಹೀಗೆ ಸಮೀಪದ ಪದಗಳೇ ಅರ್ಥವನ್ನು ಗೊತ್ತುಮಾಡುತ್ತವೆ. ಪೋತಾಧಾನಕ್ಕೆ ಹೆಸರಿಟ್ಟಿರುವ ಕೋಶದಲ್ಲಿ ಆ ಮರಿಗಳನ್ನು ಆರಿಸಿ ಬೆಳಸುವವನಿಗೆ ಹೆಸರಿಲ್ಲವೆಂಬುದನ್ನೂ ಗಮನಿಸಬೇಕು.

(೩) ಮಾನಸೋಲ್ಲಾಸದ ಪ್ರಕರಣ

ಅಭಿಲಷಿತಾರ್ಥಚಿಂತಾಮಣಿಯೆಂಬ ನಾಮಾಂತರವುಳ್ಳ ಮಾನಸೋಲ್ಲಾಸವು ೧೧೨೬ರಿಂದ ೧೧೩೮ರವರೆಗೆ ಆಳಿದ ಸೋಮೇಶ್ವರನ ಕೃತಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಇದರ ಮೊದಲನೆಯ ಭಾಗವನ್ನು ಆರ್. ಶಾಮಾಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದರು, ಜಿ. ಕೆ. ಶ್ರೀಗೊಂದೇಕರರು ಸಂಪಾದಿಸಿದ ಮೂರು ಸಂಪುಟಗಳು ೧೯೨೫ರಿಂದ ೧೯೬೧ರವರೆಗೆ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಹೊರಬಿದ್ದುವು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಮತ್ಸ್ಯವಿನೋದವನ್ನೇ ಕುರಿತು ಒಂದು ವಿಸ್ತಾರವಾದ ಪ್ರಬಂಧವನ್ನು ಬರೆದು, ಇದರ ಬೆಲೆಯನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟರು.

ಪ್ರಕರಣದ ಮಹತ್ತ್ವದಲ್ಲಿ ಸಂದೇಹವಿಲ್ಲ. ಮೂವತ್ತಕ್ಕೂ ಹೆಚ್ಚಿನ ಜಾತಿಯ ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಬರಿಯ ಚರ್ಮದವು ಎಂದೂ, ಗಾತ್ರಭೇದದಿಂದಲೂ ವಿಂಗಡಿಸಿ, ಯಾವುದಕ್ಕೆ ಎಂತಹ ಆಹಾರವು ಸಲ್ಲುವುದೆಂದು ವಿವರಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಕನ್ನಡನಾಡಿನ ಅರಸನೊಬ್ಬನು ಮೀನುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದನೆಂಬುದು ಹೆಮ್ಮೆಯ ವಿಷಯವೇ ಸರಿ.

ಆದರೆ ಆಹಾರವನ್ನು ಹಾಕುವುದು ಯಾವುದಕ್ಕಾಗಿ? ಮೀನುಗಳನ್ನು ಆ ಸ್ಥಳಕ್ಕೆ ಒಗ್ಗಿಸಿ, ಕೊಬ್ಬಿಸಿ, ಅನಂತರ ಕೋಲು, ದಾರ, ಗಾಳಗಳಿಂದ ಹಿಡಿಯುವುದಕ್ಕಾಗಿ. ಉಪಕ್ರಮದಲ್ಲಿ ಪೋಷಣವಿದ್ದರೂ ಉಪಸಂಹಾರವು ಬಡಿಶದಲ್ಲಿದೆ. ಸಂದಿಗ್ಧಾರ್ಥವನ್ನು ನಿರ್ಣಯಿಸುವಲ್ಲಿ ಸನ್ನಿಧಿಯನ್ನು ನೋಡಬೇಕೆಂದು ಮೀಮಾಂಸಕರು ಹೇಳುವರಷ್ಟೆ. ಅದರಂತೆ ನೋಡಿದರೂ ಮತ್ಸ್ಯವಿನೋದವು ಡೇಗೆಯನ್ನು ಬಿಟ್ಟು ಹಕ್ಕಿಗಳನ್ನು ಹಿಡಿಸುವ ಶ್ಯೇನವಿನೋದ, ಕಾಡುಮೃಗಗಳನ್ನು ಬೇಟೆಯಾಡುವ ಮೃಗಯಾವಿನೋದಗಳ ನೆರೆಯಲ್ಲಿ ನಿಂತಿದೆ. ಆದುದರಿಂದ ಇಲ್ಲಿ ವಿನೋದವೆಂದರೆ ನೀರಿನ ಬೇಟೆ; ನಮ್ಮ ಲಕ್ಷಣದ ಎರಡನೆಯ ಅಂಗವೂ ಮೂರನೆಯ ಅಂಗವೂ ಇಲ್ಲಿಲ್ಲ. ಬೇಟೆಯ ಗ್ರಂಥವಾಗಿ ಇದಕ್ಕಿರುವ ಗೌರವವು ದೊಡ್ಡದು. ಇಲ್ಲದ ಗುಣವನ್ನು ಆರೋಪಿಸುವುದರಿಂದ ಆ ಗೌರವವು ಹೆಚ್ಚುವುದಿಲ್ಲ.

(೪) ಅಭಯದ ಪರಂಪರೆ

ಹಾಗಾದರೆ ಈ ಹವ್ಯಾಸದ ಚರಿತ್ರೆಯಲ್ಲಿ ಭರತಖಂಡಕ್ಕೆ ಪಾಲೇ ಇಲ್ಲವೇ? ಇದೆ, ಆದರೆ ಅದನ್ನು ಅರಸರ ವಿನೋದದಲ್ಲಿ ಹುಡುಕದೆ ಮನುವಿನ ಕೊಡದಲ್ಲಿ ಹುಡುಕಬೇಕು. ಅಶೋಕನು ಪಟ್ಟಾಭಿಷೇಕದ ೨೬ನೆಯ ವರ್ಷದಲ್ಲಿ ಬರೆಯಿಸಿದ ಐದನೆಯ ಸ್ತಂಭಶಾಸನವು ಕೆಲವು ಜಾತಿಯ ಮೀನುಗಳನ್ನು ಅವಧ್ಯವೆಂದು ಹೆಸರಿಸಿ, ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದೆ. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿ ಯಾತ್ರಿಕರ ಕೈಯ ಅಕ್ಕಿ ಪುರಿಗಳಿಗೆ ಗುಂಪುಗುಂಪಾಗಿ ಬರುವ ಮೀನುಗಳು ಅದೇ ಭಾವನೆಯ ಜೀವಂತ ನಿದರ್ಶನ. ಅಲ್ಲಿ ಪೋಷಣವೂ ಉಂಟು, ದರ್ಶನವೂ ಉಂಟು, ವರಣ ಮಾತ್ರವಿಲ್ಲ.

ಈ ಅಭಯಭಾವನೆಯು ಹಿಮಾಲಯದ ಆಚೆಗೆ ಹೋದುದಕ್ಕೆ ಒಂದು ಸಂಸ್ಕೃತಗ್ರಂಥವು ಮುಖ್ಯ ಸಾಧನವಾಯಿತು. ಸುವರ್ಣಪ್ರಭಾಸಸೂತ್ರದಲ್ಲಿ ಜಲವಾಹನನೆಂಬ ಶ್ರೇಷ್ಠಿಪುತ್ರನ ಕಥೆ ಬರುತ್ತದೆ. ಬತ್ತುತ್ತಿರುವ ಕೊಳವೊಂದರಲ್ಲಿ ಹತ್ತು ಸಾವಿರ ಮೀನುಗಳು ಒದ್ದಾಡುತ್ತಿರುವುದನ್ನು ಕಂಡು ಅವನು ರಾಜನಿಂದ ಇಪ್ಪತ್ತು ಆನೆಗಳನ್ನು ಬೇಡಿ ಪಡೆದು, ನೀರನ್ನು ಹೊರಿಸಿ ತಂದು ಕೊಳವನ್ನು ತುಂಬಿಸುತ್ತಾನೆ. ತನ್ನ ಮನೆಯ ಅನ್ನವನ್ನೇ ತರಿಸಿ ಅವುಗಳಿಗೆ ಹಾಕುತ್ತಾನೆ. ಈ ಸೂತ್ರವು ಐದನೆಯ ಶತಮಾನದ ಪೂರ್ವಾರ್ಧದಲ್ಲಿ ಧರ್ಮಕ್ಷೇಮನಿಂದ ಚೀನೀಭಾಷೆಗೆ ಪರಿವರ್ತಿತವಾಯಿತು. ತಿಯೆನ್‌ತಾಯಿ ಸಂಪ್ರದಾಯದ ಆಚಾರ್ಯನಾದ ಚಿ-ಯಿ (೫೩೮–೫೯೭) ಎಂಬುವನು ಇದನ್ನು ಉಪದೇಶಿಸಿ, ಬೆಸ್ತರ ಮನಸ್ಸನ್ನು ತಿರುಗಿಸಿ, ಮೀನುಗಳಿಗೆ ಅಭಯಸ್ಥಳಗಳನ್ನು ಏರ್ಪಡಿಸಿದನು. ಅನಂತರ ವಿಹಾರಗಳ ಬಳಿ, ಹಿಡಿದ ಜೀವಿಗಳನ್ನು ಕೊಂಡು ತಂದು ಬಿಡುವ ಕೊಳಗಳು ಚೀನದಲ್ಲೆಲ್ಲ ಹರಡಿದುವು.

(೫) ಚಿನ್ನದ ಮೀನಿನ ಉತ್ಪತ್ತಿ

ಚೀನದ ನದಿಗಳಲ್ಲಿರುವ ಒಂದು ಬಗೆಯ ಗೆಂಡೆಮೀನಿನಲ್ಲಿ ಅಪರೂಪವಾಗಿ ಹೊಂಬಣ್ಣದ ಮರಿ ಹುಟ್ಟುವುದುಂಟು. ತೆರೆದ ನೀರಿನಲ್ಲಿ ಅಂತಹ ಮರಿಯು ಕೊಕ್ಕರೆಯ ಕಣ್ಣಿಗೆ ಮೊದಲು ಬೀಳುತ್ತದೆ. ಬೆಸ್ತನ ಬಲೆಗೆ ಬಿದ್ದರೆ ಎಲ್ಲದರೊಡನೆ ಅದೂ ಅಡಿಗೆಮನೆಗೆ ಸೇರುತ್ತದೆ. ಅಭಯದ ಕೊಳದಲ್ಲಿ ಹಾಗಲ್ಲ. ವಿಚಿತ್ರವಾದ ಬಣ್ಣದ ಜೀವಿಯನ್ನು ಕೊಲ್ಲದೆ ಅಲ್ಲಿಗೆ ತಂದು ಬಿಡುತ್ತಿದ್ದರು. ಸುಂಗ್ ರಾಜವಂಶದ ಕಾಲದಲ್ಲಿ (೯೬೦–೧೨೭೯) ಹಾಂಗ್‌ಚೌ, ಚಿಯಾಶಿಂಗ್ ಪಟ್ಟಣಗಳ ಇಂತಹ ಕೊಳಗಳಲ್ಲಿ ಹೊನ್ನಿನ ಮೀನುಗಳಿದ್ದುವೆಂದು ತಿಳಿಯಬರುತ್ತದೆ. ಚಿನ್ನದ ಮೀನಿನ ಅನುವಂಶಿಕತೆಯನ್ನು ೧೯೨೦ರ ದಶಕದಲ್ಲಿ ಶೋಧಿಸಿದ ಚೆನ್ ಜೆನ್ ಎಂಬ ಚೀನೀ ಪ್ರಾಣಿಶಾಸ್ತ್ರಜ್ಞನು ಮುಂದೆ ಅದರ ಚರಿತ್ರೆಯನ್ನೂ ಬರೆದು, ಈ ಅಭಯದ ಕೊಳಗಳೇ ಆ ಮೀನು ಮನುಷ್ಯನ ವಶಕ್ಕೆ ಬಂದ ಮೊದಲ ಮೆಟ್ಟಿಲೆಂದು ನಿರ್ಣಯಿಸಿದನು.

ಎರಡನೆಯ ಮೆಟ್ಟಿಲು ಅರಮನೆ. ೧೧೬೨ರಲ್ಲಿ ಸಿಂಹಾಸನವನ್ನು ಬಿಟ್ಟ ಚಕ್ರವರ್ತಿ ಕಾವೊ-ತ್ಸುಂಗನು ಹಾಂಗ್‌ಚೌವಿನ ತನ್ನ ಅರಮನೆಯ ಕೊಳದಲ್ಲಿ ಹೊಂಬಣ್ಣದ ಮೀನುಗಳನ್ನು ಕೂಡಿಹಾಕಿಸಿದನು. ಹದಿಮೂರನೆಯ ಶತಮಾನದ ಲೇಖಕನಾದ ಯುವೆ-ಕೋ ಎಂಬುವನು ಆ ನಗರದ ಮೀನುಸಾಕಣೆಗಾರರ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಅವರು ತಮ್ಮ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದರಂತೆ. ಊರಿನ ಚರಂಡಿಗಳ ಕೆಂಪು ಕಿರುಹುಳುಗಳನ್ನು ತಿನ್ನಿಸಿದರೆ ಮೀನು ಮೊದಲು ಬೆಳ್ಳಿಯಂತಾಗಿ, ಆಮೇಲೆ ಹಳದಿಯಾಗಿ, ಕ್ರಮೇಣ ಚಿನ್ನವಾಗುವುದೆಂದು ಜನರು ಹೇಳುತ್ತಿದ್ದರಂತೆ. ಹುಳುವಿನಿಂದಲೇ ಬಣ್ಣವು ಹುಟ್ಟುವುದೆಂಬುದು ಸರಿಯಲ್ಲ. ಚಿನ್ನದ ಮೀನಿನ ಮರಿಗಳು ಹುಟ್ಟುವಾಗ ಮಂಕಾಗಿದ್ದು, ಬೆಳೆಯುತ್ತ ಬಣ್ಣವನ್ನು ಬದಲಾಯಿಸುವುದು ಅವುಗಳ ಸ್ವಭಾವ. ಆದರೂ ಜೀವಂತವಾದ ಕಿರುಹುಳುಗಳು ಅವುಗಳಿಗೆ ಉತ್ತಮಾಹಾರವೆಂಬ ಮಾತು ಇಂದಿಗೂ ಸಲ್ಲುತ್ತದೆ.

ಮೂರನೆಯ ಮೆಟ್ಟಿಲು ಮಿಂಗ್ ರಾಜವಂಶದ ಕಾಲದ್ದು. ಹದಿನಾರನೆಯ ಶತಮಾನದಲ್ಲಿ ಮೀನು ಕೊಳದಿಂದ ಮನೆಯೊಳಗಿನ ಮಣ್ಣಿನ ಬಾನಿಗೆ ಬಂದಿತು. ಈ ಸ್ಥಾನಾಂತರವು ಅಲ್ಪವೆಂದು ತೋರಿದರೂ ಚರಿತ್ರೆಯಲ್ಲಿ ದೊಡ್ಡದು. ಕೊಳದಲ್ಲಿ ಯಾವ ಮೀನು ಯಾವುದರೊಡನೆ ಕೂಡಿತೆಂದು ತಿಳಿಯಲಾಗದು. ಬಾನಿಯಲ್ಲಿ ಒಡೆಯನು ಇಟ್ಟುವೇ ಜೋಡಿ. ದೃಢವಾಗಿ ಈಜಲಾರದ ಗಿಡ್ಡ ಮೈಯ, ಇಬ್ಬಾಗವಾದ ಬಾಲದ ಮರಿಗಳು ಕೊಳದಲ್ಲಿ ಆಹಾರಕ್ಕಾಗಿ ಸೆಣಸಲಾರದೆ ಸಾಯುವುವು. ಬಾನಿಯಲ್ಲಿ ಅವೂ ಬದುಕಿ ಸಂತತಿಯನ್ನು ಪಡೆಯುವುವು. ೧೫೯೬ರಲ್ಲಿ ಚಾಂಗ್ ಚಿಯೆನ್-ತೆ ಎಂಬುವನು ಇಂಗಳೀಕದ ಬಣ್ಣದ ಮೀನುಗಳನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನೇ ಬರೆದನು. ಮೀನುಗಳನ್ನು ಹಲವು ಬಾನಿಗಳಿಗೆ ಹಂಚಿ, ದಿನದಿನವೂ ಹೀನವಾದುವನ್ನು ತೆಗೆದುಹಾಕುತ್ತ, ನೂರಕ್ಕೆ ಒಂದೆರಡನ್ನು ಮಾತ್ರ ಉಳಿಸಿಕೊಂಡು ಆದರದಿಂದ ಬೆಳಸಬೇಕೆಂಬುದು ಅವನ ವಿಧಿ. ನಮ್ಮ ಲಕ್ಷಣದ ಮೂರನೆಯ ಅಂಗವಾದ ಸಂತಾನವರಣವು ಇಲ್ಲಿ ಸ್ಪಷ್ಟವಾದ ವಿಧಿವಾಕ್ಯವಾಗಿ ನಿಂತಿದೆ. ಮೂರು ಅಂಗಗಳೂ ಕೂಡಿ ಹವ್ಯಾಸವು ಪೂರ್ಣಗೊಂಡುದು ಚೀನದಲ್ಲಿಯೇ ಎಂಬುದರಲ್ಲಿ ಸಂದೇಹವಿರಬಾರದು.

(೬) ಗಾಜಿನ ತೊಟ್ಟಿ

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜಪಾನಿನಲ್ಲಿ ಚಿನ್ನದ ಮೀನು ೧೫೦೨ರಲ್ಲಿ ಸಕಾಯಿ ಬಂದರಿಗೆ ಬಂದಿತೆಂದು ಪ್ರತೀತಿ. ಅದರ ಸಾಕಣೆಯ ಕೈಪಿಡಿಯೊಂದು ಅಲ್ಲಿ ೧೭೪೮ರಲ್ಲಿ ಅಚ್ಚಾಯಿತು. ಯೂರೋಪಿನ ಲಿನ್ನೇಯಸನು ೧೭೫೮ರಲ್ಲಿ ಅದಕ್ಕೆ ಶಾಸ್ತ್ರೀಯನಾಮವನ್ನಿಟ್ಟನು. ಆದರೆ ನೀರನ್ನು ಪದೇಪದೇ ಬದಲಾಯಿಸದೆ ಗಾಜಿನ ಪಾತ್ರೆಯಲ್ಲಿ ಮೀನನ್ನು ಬದುಕಿಸುವ ಉಪಾಯವು ತಿಳಿದದ್ದು ಲಂಡನ್ನಿನ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ವಾರಿಂಗ್ಟನನಿಂದ. ಅವನು ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯವೆಂಬ ನೀರುಗಿಡವನ್ನೂ ಇಟ್ಟನು. ಗಿಡವು ಹೊರಸೂಸುವ ಪ್ರಾಣವಾಯು ಮೀನಿಗೆ, ಮೀನಿನ ಉಸಿರು ಗಿಡಕ್ಕೆ. ಕೊಳೆತ ಎಲೆಗಳಿಂದ ನೀರು ಕೆಡುತ್ತ ಬಂದುದನ್ನು ಕಂಡು ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸಿದುವು. ಈ ಪರಸ್ಪರೋಪಕಾರದ ತತ್ತ್ವವನ್ನು ಅವನು ೧೮೫೦ರಲ್ಲಿ ಪ್ರಕಟಿಸಿದನು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹವು ತೆರೆಯಿತು. ಅಕ್ವೇರಿಯಂ ಎಂಬ ಹೆಸರು ಮರುವರ್ಷದ ಗಾಸನ ಪುಸ್ತಕದಿಂದ ಜನಜನಿತವಾಯಿತು. ೧೮೬೯ರಲ್ಲಿ ಪ್ಯಾರಿಸಿನ ಕಾರ್ಬೋನಿಯೆ ಎಂಬುವನು ಚೀನದಿಂದ ಬಂದ ಸ್ವರ್ಗಮೀನುಗಳಿಂದ ಮರಿಗಳನ್ನು ಪಡೆದು, ಗಂಡುಮೀನು ನೊರೆಯ ಗೂಡನ್ನು ಕಟ್ಟಿ ಮೊಟ್ಟೆಗಳನ್ನು ಕಾಯುವ ಆಶ್ಚರ್ಯವನ್ನು ವರ್ಣಿಸಿದನು.

(೭) ಉಪಸಂಹಾರ

ನಮ್ಮ ಹೊಳೆಗಳ ಮೀನುಗಳೂ ಈ ಹವ್ಯಾಸವನ್ನು ಸೇರಿದುವು. ಆದರೆ ಅನ್ಯರ ಕೈಯಿಂದ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ ವರ್ಣಿಸಿದ ಬುಕಾನನನೇ ೧೮೨೨ರಲ್ಲಿ ಗಂಗಾಪ್ರಾಂತದ ಮೀನುಗಳ ಗ್ರಂಥದಲ್ಲಿ, ನೀಲಿ ಗೆರೆಗಳ ಒಂದು ಅಂಗುಲಮಾತ್ರದ ಮೀನನ್ನು ಹೆಸರಿಸಿದನು. ಇಂದು ಜೀಬ್ರಾಮೀನೆಂದು ಲೋಕದ ತೊಟ್ಟಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಬೆಳೆಯುತ್ತಿರುವುದು ಅದೇ. ೧೮೬೫ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ, ಸಹ್ಯಾದ್ರಿಯ ತೊರೆಗಳ ಕೆಂಪು ಗೆರೆಯ ಸುಂದರವಾದ ಮೀನು 'ಮಿಸ್ ಕೇರಳ' ಎಂಬ ಹೆಸರಿನಿಂದ ದೇಶಾಂತರಗಳಿಗೆ ಮಾರಾಟವಾಗಿ, ತೊರೆಗಳಲ್ಲಿ ವಿರಳವಾಗಿ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿದೆ. ತೊಟ್ಟಿಯಲ್ಲಿ ಮರಿಮಾಡಿಸಿ ಬೆಳಸಿದ ಮೀನನ್ನು ಮಾರುವುದೊಂದೇ ಹೊಳೆಯ ಮೀನನ್ನು ಉಳಿಸುವ ಮಾರ್ಗವಲ್ಲವಾದರೂ ಮುಖ್ಯವಾದ ಮಾರ್ಗ.

ಹೀಗೆ ಪರ್ಯಾಲೋಚಿಸಿದಲ್ಲಿ ಸಿದ್ಧವಾಗುವುದಿಷ್ಟು: ವರಣವು ಚೀನದ್ದು, ಗಾಜಿನ ತೊಟ್ಟಿಯ ತತ್ತ್ವವು ಯೂರೋಪಿನದು, ವರಣಕ್ಕೆ ಅವಕಾಶವನ್ನು ಕಲ್ಪಿಸಿದ ಅಭಯವು ನಮ್ಮದು. ಮಾನಸೋಲ್ಲಾಸವನ್ನು ಪಾಠ ಹೇಳುವವರು ಮತ್ಸ್ಯವಿನೋದಕ್ಕೆ ಗಾಳದ ಬೇಟೆಯೆಂದೇ ಅರ್ಥವನ್ನು ಹೇಳಲಿ; ಹವ್ಯಾಸದ ಮೂಲವನ್ನು ಕೇಳಿದವರಿಗೆ ಜಲವಾಹನನ ಕಥೆಯನ್ನು ತಿಳಿಸಲಿ. ಬೇಟೆಯಾಡಿದ ಅರಸನಿಗಿಂತ, ಬತ್ತಿದ ಕೊಳಕ್ಕೆ ನೀರು ಹೊರಿಸಿದ ಶ್ರೇಷ್ಠಿಪುತ್ರನು ಈ ವಿಷಯದಲ್ಲಿ ನಮಗೆ ಹತ್ತಿರದ ಪೂರ್ವಜನು. ಸಹ್ಯಾದ್ರಿಯ ತೊರೆಗಳು ಮೀನುಗಳಿಲ್ಲದೆ ಬರಿದಾಗುತ್ತಿರುವ ಈ ಕಾಲದಲ್ಲಿ ಅವನ ಕಥೆಯು ಶಬ್ದಾರ್ಥನಿರ್ಣಯಕ್ಕೆ ಮಾತ್ರವಲ್ಲದೆ ಆಚರಣೆಗೂ ಪ್ರಮಾಣವಾಗಬಲ್ಲುದು.